ಆರ್ಕುಟ್‌ನಲ್ಲಿ ಬಿರುಕು ಬಿಟ್ಟ ಮನೆ

"ಏಜಾಜ್ ಮ್ಯಾಲ ಕೇಸ್ ಹಾಕ್ತೀನ್ರಿ ಖಾಲಾ. ನನ್ನ ಧಂದಾ ಮುಳುಗಿಸ್ಯಾನ," ಎಂದ ಧನರಾಜ.

೨೦೦೮ರ ಬೇಸಿಗೆ. ಬಸವಕಲ್ಯಾಣದಲ್ಲಿ ಠಾಣೆಗೆ ಹೋಗುವ ಮೊದಲು ಜನ ಊರಿಗೆಲ್ಲ ಚಿಕ್ಕಮ್ಮನಂತಿದ್ದ ಅಕ್ಬರಿ ಖಾಲಾಳ ಟೈಲರಿಂಗ್ ಅಂಗಡಿಗೆ ಬರುತ್ತಿದ್ದರು. ನಾನು ಅಲ್ಲಿ ಗುಂಡಿ ಹಚ್ಚುತ್ತ ಎಲ್ಲವನ್ನೂ ಕೇಳುತ್ತಿದ್ದೆ.

ಧನರಾಜ ಹುಮನಾಬಾದಿನಲ್ಲಿ ಮನೆ ಕಟ್ಟಿ ಮಾರುವವನು. ಅವನ ವಿಧವೆ ತಂಗಿ ವಿಜಯಶ್ರೀ ಆ ಮನೆಗಳ ಫೋಟೊ ತೆಗೆದು, ಇಂಟರ್ನೆಟ್ಟಿನ ಆರ್ಕುಟ್ ಪುಟಕ್ಕೆ ಹಾಕಿ, ಕೆಳಗೆ ಒಂದೆರಡು ಸಾಲು ಬರೆಯುತ್ತಿದ್ದಳು: 'ಈ ಕಟ್ಟಿ ಮ್ಯಾಲ ನಿಮ್ಮವ್ವ ಸಂಜೀಕ ಕುಂತು ನಿಮ್ಮ ದಾರಿ ನೋಡ್ತಾಳ.' ದುಬೈಯಲ್ಲಿದ್ದ ನಮ್ಮ ಕಡೆಯವರು ಅದನ್ನೋದಿ ಕಣ್ಣೊರೆಸಿಕೊಂಡು ಮನೆ ಬುಕ್ ಮಾಡುತ್ತಿದ್ದರು. ಈಗ ಹೆಸರಿಲ್ಲದ ಯಾರೋ ಅದೇ ಪುಟದಲ್ಲಿ ಹೊಸ ಮನೆಯ ಗೋಡೆಯ ಬಿರುಕು ತೋರಿಸಿ, 'ಧನರಾಜನ ಮನಿ ಹೀಂಗಿರ್ತಾವ' ಎಂದು ಬರೆದಿದ್ದರು. ಬುಕ್ ಮಾಡಿದವರೆಲ್ಲ ಹಿಂದೆ ಸರಿದಿದ್ದರು.

"ಬಿರುಕು ಖರೇನೋ?" ಖಾಲಾ ಕೇಳಿದಳು.

"ಮ್ಯಾಲಿನ ಪ್ಲಾಸ್ಟರ್ ಅಷ್ಟರಿ. ಗೃಹಪ್ರವೇಶದ ದಿನ ಕಂಡಿತ್ತು, ಮರುದಿನಾನ ಮುಚ್ಚಿಸೀನಿ. ಅವತ್ತ ಏಜಾಜ್ ಬಂದಿದ್ದ. ಅವನೂ ಬಿಲ್ಡರ್ರಿ."

ನಾನು ಅಜ್ಜಿಯ ಕತೆ ಕೇಳಿ ಬೆಳೆದವಳು. ಕೇಡು ಏಳು ಸಮುದ್ರದಾಚೆಯಿಂದಲೇ ಬರುತ್ತದೆಂದು ನಂಬಿದ್ದೆ. ಹೊರಗಿನವನಾದ ಏಜಾಜನೇ ಇರಬೇಕು ಎಂದುಕೊಂಡೆ.

ಸೈಬರ್ ಕೆಫೆಯಲ್ಲಿ ಖಾಲಾ ಆ ಫೋಟೊವನ್ನು ಬಹಳ ಹೊತ್ತು ನೋಡಿದಳು. ಮುಂಬಾಗಿಲ ಪಕ್ಕದಲ್ಲಿ ಬಿರುಕು. ಬಾಗಿಲಾಚೆ, ಹೊಸ್ತಿಲ ಬಳಿ ಉರಿಯುವ ದೀಪ, ಅಕ್ಷತೆ ಹಿಡಿದು ನಿಂತ ಜನರ ಮುಖಗಳು. ನನಗೆ ಕಂಡದ್ದು ಬಿರುಕು ಮಾತ್ರ.

ಮರುದಿನ ಖಾಲಾ ಎಲ್ಲರನ್ನೂ ಅದೇ ಮನೆಗೆ ಕರೆಸಿದಳು. ಧನರಾಜ, ಅವನ ಹೆಂಡತಿ ರೂಪಾಲಿ, ಏಜಾಜ್, ವಿಜಯಶ್ರೀ.

"ಭಾಯಿ, ಅವತ್ತ ನನ್ನ ಕಣ್ಣು ಹೋಳಿಗಿ ಮ್ಯಾಲಿತ್ತು, ನಿನ್ನ ಗ್ವಾಡಿ ಮ್ಯಾಲಲ್ಲ," ಎಂದ ಏಜಾಜ್.

"ಅವಾ ಖರೇ ಹೇಳಾಕತ್ತಾನ," ಎಂದಳು ಖಾಲಾ. "ಫೋಟೊದಾಗ ಅವನೂ ಹೊರಗ ನಿಂತಾನ. ಎಲ್ಲಾರ ಕೈಯಾಗೂ ಅಕ್ಷತಿ ಅದ, ಅಂದ್ರ ಪೂಜಾ ಇನ್ನೂ ಮುಗಿದಿಲ್ಲ. ಮುಗಿಯೂ ತನಕ ನಿಮ್ಮಾಗ ಯಾರೂ ಹೊಸ್ತಿಲ ದಾಟಂಗಿಲ್ಲ. ಆದ್ರ ಫೋಟೊ ತಗದದ್ದು ಒಳಗಿಂದ. ಬಿರುಕು ನೋಡಿದ್ರಿ, ಆಚೀಕಿನ ಮಾರಿ ಯಾರೂ ನೋಡಲಿಲ್ಲ. ಒಳಗ ಯಾರಿದ್ರವ್ವಾ ರೂಪಾಲಿ?"

ರೂಪಾಲಿ ಸೆರಗು ಹಿಂಡಿದಳು. "ಮುತ್ತೈದೇರ ಪೂಜಾ ಅದರಿ. ವಿಜಯಶ್ರೀನ ಹಿತ್ತಲ ಕಡಿಂದ ಕರಕೊಂಡು ಬಂದು, ಎದುರಿಗಿ ಬರಬ್ಯಾಡ ಅಂತ ಅಡಗಿ ಮನ್ಯಾಗ ಕುಂದ್ರಿಸಿದ್ದೆ."

ವಿಜಯಶ್ರೀ ಅಳಲಿಲ್ಲ. "ಅಣ್ಣಾ, ನನ್ನ ಮಾರಿ ಅಶುಭ ಅಂದ್ರ, ನಾ ಬರ್ದಿದ್ದ ಮಾತು ಹ್ಯಾಂಗ ಶುಭ ಆತು?"

ಧನರಾಜ ಕೈಮುಗಿದ. "ಅದನ್ನ ತಗದು ಹಾಕವ್ವಾ. ಮೊದಲಿನಂಗ ಬರಿ. ಇಲ್ಲಂದ್ರ ನಾ ಮುಳುಗ್ತೀನಿ."

"ಬರೀತೀನಿ. ಮುಂದಿನ ಮನಿ ಹೊಸ್ತಿಲಕ್ಕ ನನ್ನ ಕೈಲೆ ಅರಿಷಿಣ ಹಚ್ಚಸ್ತೀ?"

ಧನರಾಜ ಹೆಂಡತಿಯ ಕಡೆ ನೋಡಿದ. ವಿಜಯಶ್ರೀಗೆ ಅಷ್ಟೇ ಸಾಕಾಯಿತು.

ಸಂಜೆ ಕೆಫೆಗೆ ಬಂದು ಅವಳು ಬಿರುಕಿನ ಫೋಟೊ ಅಳಿಸಿದಳು. ಆಮೇಲೆ ತಾನು ಬರೆದಿದ್ದ ಸಾಲುಗಳನ್ನೂ ಒಂದೊಂದಾಗಿ ಅಳಿಸಿದಳು. ಖಾಲಾ ತಡೆಯಲಿಲ್ಲ, ಅವಳ ಬೆನ್ನ ಮೇಲೆ ಕೈಯಿಟ್ಟು ನಿಂತಳು. ಪುಟದಲ್ಲಿ ಮನೆಗಳಷ್ಟೇ ಉಳಿದವು. ಅವುಗಳಲ್ಲಿ ಯಾರೂ ಇರಲಿಲ್ಲ.