ಪ್ರಾಗ್‌ನಲ್ಲಿ ಅವ್ವನ ಸೀರೆ

ಯುರೋಪಿನ ಹಳೆಯ ಊರುಗಳನ್ನು ಒಟ್ಟಿಗೆ ನೋಡಬೇಕೆಂದು ನಾನೂ ಅವ್ವನೂ ಎಷ್ಟೋ ವರ್ಷ ಮಾತಾಡಿಕೊಂಡಿದ್ದೆವು. ಹಾಸಿಗೆ ಹಿಡಿದ ಅವಳನ್ನು ಕೊನೆಯವರೆಗೂ ನೋಡಿಕೊಂಡವಳು ನಾನು. ಅವಳು ತೀರಿಹೋದ ಮರುವರ್ಷ ತಂಗಿ ಸೌಂದರ್ಯ ನನಗೆ ಹೇಳದೆಯೇ ಹೊರಟುಬಿಟ್ಟಳು.

ಮಾರ್ಚ್ ತಿಂಗಳ ಮಧ್ಯಾಹ್ನ ಪ್ರಾಗ್‌ನಿಂದ ಫೋಟೊ ಕಳಿಸಿದಳು. ಹಿಮ ಬಿದ್ದ ಚೌಕದಲ್ಲಿ ಅವಳ ಪಕ್ಕ, ಮೊಳಕಾಲ್ಮುರು ಸೀರೆಯ ಹೆಂಗಸೊಬ್ಬಳು ಬೆನ್ನು ತಿರುಗಿಸಿ ನಿಂತಿದ್ದಳು. ಸೆರಗಿನ ಸಾಲಿನಲ್ಲಿ ಒಂದು ನವಿಲು ಮಾತ್ರ ಹಿಂದಕ್ಕೆ ಮುಖ ಮಾಡಿತ್ತು. ಮಗ್ಗದಲ್ಲಿ ಆ ತಪ್ಪು ನೇಯ್ದವಳು ಅವ್ವ. ಆ ಸೀರೆ ಇರುವುದು ಚಳ್ಳಕೆರೆಯಲ್ಲಿ, ನನ್ನ ಬೀರುವಿನಲ್ಲಿ.

ಫೋನ್ ಮಾಡಿ, “ಜೊತೆಗೆ ಯಾರೇ?” ಎಂದೆ.

“ಅವ್ವ ಕಣಕ್ಕ. ದಿನಾ ಬರ್ತಾಳೆ. ನಿನ್ ಹೆಸರು ಹೇಳಿದ್ರೆ, ಆಶಾ ಅಂದ್ರೆ ಯಾರು ಅಂತಾಳೆ.”

ಬೀರು ತೆರೆದೆ. ಸೀರೆಯ ಮಡಿಕೆ ಕೆಟ್ಟಿರಲಿಲ್ಲ. ಅಂಚು ಮಾತ್ರ ಒದ್ದೆಯಾಗಿತ್ತು; ಆ ಬಿಸಿಲಿನಲ್ಲೂ ಕೈ ಮರಗಟ್ಟುವಷ್ಟು ತಣ್ಣಗಿತ್ತು.