ಬದುಕಿ ಉಳಿದ ಒಂದೇ ಪೆಟ್ಟಿಗೆ

ಪೆಟ್ಟಿಗೆಗಳ ಮುಂದೆ ನೆಲವೇ ಕಾಣುತ್ತಿರಲಿಲ್ಲ. ಸತ್ತ ಜೇನುಹುಳಗಳು ಹಾಸಿಕೊಂಡು ಬಿದ್ದಿದ್ದವು. 2008ರ ಹಸ್ತ ಬಹಾರ, ಮಳೆಗಾಲ ಮುಗಿಯುವ ಹೊತ್ತಿನ ದಾಳಿಂಬೆ ಹೂವಿನ ಕಾಲ. ಸನಮಡಿಯ ದಿಬ್ಬದ ಮೇಲೆ ದಾಳಿಂಬೆ ಗಿಡಗಳೆಲ್ಲ ಕೆಂಪಗೆ ಹೂಬಿಟ್ಟಿದ್ದವು. ಆದರೆ ಗುಂಯ್ ಎನ್ನುವ ಒಂದು ಸದ್ದಿಲ್ಲ. ಮೇಲೆ ಪವನಚಕ್ಕಿಯ ರೆಕ್ಕೆ ತಿರುಗುತ್ತಿತ್ತು. ಅದರ ನೆರಳು ಪೆಟ್ಟಿಗೆಗಳ ಮೇಲೆ ಹಾದು ಹಾದು ಹೋಗುತ್ತಿತ್ತು.

ಜತ್ತದ ಪೊಲೀಸ್ ಠಾಣೆಯಿಂದ ಬಂದ ಫೌಜದಾರ ಭರಮಣ್ಣ ಒಂದು ಹುಳವನ್ನು ಅಂಗೈಗೆ ಹಾಕಿಕೊಂಡ.

"ಯಾವಾಗ ನೋಡಿದ್ರಿ?"

"ಇವತ್ತ ಮುಂಜಾನೆರಿ," ಎಂದಳು ಮಲಕವ್ವ. ಗಂಡ ಹೋದ ಮೇಲೆ ಈ ತೋಟ, ಈ ಹುಳಗಳೇ ಅವಳ ಬದುಕು. "ಭಾಳ ದಿನದಿಂದ ಕಮ್ಮಿ ಆಗಾಕತ್ತಿದ್ವು. ಗಾಳಿಗೆ ಹಂಗ ಆಗ್ತದಂತ ನಮ್ಮ ಮೈದುನ ಅಂದ."

ಆ ಮೈದುನ, ಗುರುಸಿದ್ದ, ಬೇಲಿಯ ಕಡೆಯಿಂದ ಕೂಗಿದ. "ಸಾಹೇಬ್ರ, ಲಗೂನ ಬರ್ರಿ ಇಲ್ಲಿ!"

ಬೇಲಿಯ ಬುಡದಲ್ಲಿ ಕೀಟನಾಶಕದ ಖಾಲಿ ಬಾಟಲಿ. ಪಕ್ಕದಲ್ಲೇ ಒಂದು ಹಳೆಯ ಚಪ್ಪಲಿ.

"ಬಾಜೂ ಹೊಲದ ರಸೂಲಂದ್ರಿ ಇದು. ನೀರಿನ ಪಾಳಿಗೆ ಜಗಳಾ ಆಡಿದ್ದ."

ಮಲಕವ್ವನನ್ನೂ ಕರೆದುಕೊಂಡು ರಸೂಲನ ಮನೆಗೆ ಹೋದರೆ ಅಂಗಳದಲ್ಲೇ ಒಂದು ಜೇನುಪೆಟ್ಟಿಗೆ. ಹುಳಗಳು ಆರಾಮವಾಗಿ ಹೋಗಿ ಬಂದು ಮಾಡುತ್ತಿದ್ದವು.

"ಮಲಕಕ್ಕನ ಕೊಟ್ಟಾಳ್ರಿ, ನಮ್ಮ ಮಗಳ ಲಗ್ನದಾಗ," ಎಂದಳು ರಸೂಲನ ಹೆಂಡತಿ ಕಾಸೀಂಬಿ.

ಮಲಕವ್ವ ಗೆಳತಿಯನ್ನು ದಿಟ್ಟಿಸಿದಳು. "ನನ್ನವೆಲ್ಲಾ ಸತ್ತು ನಿಮ್ಮ ಮನೀವು ಹೆಂಗ ಉಳದ್ವು?"

ಕಾಸೀಂಬಿ ಗಂಡನ ಕಡೆ ನೋಡಿದಳು.

"ನಿನ್ನ ಗಂಡ ಕೊಲೆಗಾರ!" ಮಲಕವ್ವ ಚೀರಿದಳು.

ಬಾಟಲಿ ಉಂಟು, ಚಪ್ಪಲಿ ಉಂಟು, ಜಗಳವೂ ಉಂಟು. ಇಷ್ಟು ಸಲೀಸಾದ ಕೇಸನ್ನು ಯಾವ ಪೊಲೀಸರು ಬಿಟ್ಟಾರು? ರಸೂಲನನ್ನು ಜೀಪು ಹತ್ತಿಸಿದರು. ಜಾಮೀನೂ ಸಿಗಲಿಲ್ಲ.

* * *

ಭರಮಣ್ಣನಿಗೆ ಮಾತ್ರ ಊಟ ರುಚಿಸಲಿಲ್ಲ. ಕೀಟನಾಶಕ ಹುಳವನ್ನು ಒಂದೇ ದಿನದಲ್ಲಿ ಕೊಲ್ಲುತ್ತದೆ. ಇವು ದಿನದಿನಕ್ಕೆ ಕಮ್ಮಿಯಾದದ್ದು ಯಾಕೆ?

ಪುಣೆಯ ಪ್ರಯೋಗಾಲಯದಲ್ಲಿ ಜೇನುಹುಳಗಳ ಮೇಲೆ ಸಂಶೋಧನೆ ಮಾಡುವ ನಾಹಿದಳನ್ನು ಕರೆಸಿದ. ಇಲ್ಲೇ ಹತ್ತಿರದ ಉಮದಿಯ ಹುಡುಗಿ. ಬಂದವಳೇ ಎರಡೂ ಮನೆಯ ಹುಳಗಳನ್ನು ಬೇರೆಬೇರೆ ಡಬ್ಬಿಯಲ್ಲಿ ಮಂಜುಗಡ್ಡೆಯ ಮೇಲಿಟ್ಟಳು.

"ಹುಳದ ಹೊಟ್ಟ್ಯಾಗ ನೋಡಬೇಕ್ರಿ ಸರ್. ಅಲ್ಲಿ ಸೂಕ್ಷ್ಮಜೀವಿ ಇರ್ತಾವ. ಅವುಗಳ ಡಿಎನ್‌ಎ ಓದಿದ್ರ ಏನೇನು ಅದಾವ, ಏನೇನು ಇಲ್ಲ ಗೊತ್ತಾಗ್ತದ."

ಮಲಕವ್ವನ ಪೆಟ್ಟಿಗೆಗಳಿಗೆಲ್ಲ ಕೀಲಿ ಹಾಕಿತ್ತು.

"ಪೆಟ್ಟಿಗಿ ಕಳವಾಗ್ತಾವಂತ ಗುರುಸಿದ್ದ ಹಾಕ್ಯಾನ್ರಿ," ಎಂದಳು ಮಲಕವ್ವ.

ಗುರುಸಿದ್ದ ಉಡದಾರಕ್ಕೆ ಕಟ್ಟಿದ ಕೀಲಿಕೈ ಬಿಚ್ಚಿ ತೆರೆದ. ಒಳಗೆ ಹುಳಗಳಿಗೆ ಸಕ್ಕರೆ ನೀರು ಇಡುವ ತಟ್ಟೆಗಳು, ಖಾಲಿಯಾಗಿ ಫಳಫಳ ಹೊಳೆಯುತ್ತಿದ್ದವು. ಹುಳ ಸತ್ತ ಮನೆಯಲ್ಲಿ ತಟ್ಟೆಗಳನ್ನು ಉಜ್ಜಿ ತೊಳೆದು ಇಟ್ಟವರು ಯಾರಪ್ಪಾ? ಭರಮಣ್ಣ ಒಂದು ತಟ್ಟೆ ಎತ್ತಿ ಮೂಸಿ ನೋಡಿ ಅಲ್ಲೇ ಇಟ್ಟ.

* * *

ತಿಂಗಳ ಮೇಲಾಯಿತು. ರಸೂಲನ ಕೋರ್ಟಿನ ತಾರೀಖು ಹತ್ತಿರ ಬಂದಿತ್ತು. ಮಲಕವ್ವನ ಪಡಸಾಲೆಯಲ್ಲಿ ಎಲ್ಲರನ್ನೂ ಕೂರಿಸಿ ಭರಮಣ್ಣ ನಾಹಿದಳ ಕಡೆ ತಿರುಗಿದ. "ಹೇಳವಾ."

"ಬಾಟ್ಲಿ ವಿಷ ಯಾವ ಹುಳದಾಗೂ ಇಲ್ರಿ. ಆದ್ರ ಸತ್ತ ಹುಳದ ಹೊಟ್ಟ್ಯಾಗ ಇರಬೇಕಾದ ಸೂಕ್ಷ್ಮಜೀವಿಗಳೂ ಇಲ್ಲ. ಒಂದ ಜಾತಿ ಉಳದೈತಿ. ಕಾಯಿಗೆ ಚುಕ್ಕಿ ಬೀಳೋ ತೇಲ್ಯಾ ರೋಗಕ್ಕ ದಾಳಿಂಬಿಗೆ ಹೊಡೀತಾರಲ್ಲ, ಸೂಕ್ಷ್ಮಜೀವಿ ಕೊಲ್ಲೋ ಆ ಪುಡಿಯನ್ನ ತಾಳಿಕೊಳ್ಳೋ ಗುಣ ಅದರ ಡಿಎನ್‌ಎದಾಗ ಐತಿ. ಉಳಿದವನ್ನೆಲ್ಲ ಆ ಪುಡಿ ಕೊಂದೈತಿ. ಅವು ಇಲ್ಲದ ಹುಳಕ್ಕ ಸಣ್ಣ ಬ್ಯಾನಿ ಬಂದ್ರೂ ಸಾವ."

"ಆ ಪುಡಿ ಎಲ್ಲಾರೂ ಹೊಡೀತಾರ," ಗುರುಸಿದ್ದ ನಕ್ಕ. "ರಸೂಲನೂ ಹೊಡೀತಾನ. ಹೂವಿನಿಂದ ಬಂದಿರಬೇಕ."

"ಕಾಸೀಂಬಿ ಚಾಚಿ ಮನಿ ಹುಳಾನೂ ಇದ ಹೂವಿಗೆ ಬರ್ತಾವ. ಅವುಗಳ ಹೊಟ್ಟ್ಯಾಗ ಎಲ್ಲಾ ಸರಿ ಐತಿ."



"ಅಂದ್ರ ಪುಡಿ ಬಿದ್ದದ್ದು ಹೂವಿಗಲ್ಲ, ಪೆಟ್ಟಿಗಿ ಒಳಗ," ಎಂದ ಭರಮಣ್ಣ. "ಕೀಲಿಕೈ ಯಾರ ಉಡದಾರದಾಗ ಐತಿ?"

ಗುರುಸಿದ್ದನ ಕೈ ತಾನಾಗಿಯೇ ಸೊಂಟಕ್ಕೆ ಹೋಯಿತು. "ತಪ್ಪಾತ್ರಿ ಸಾಹೇಬ್ರ. ಹುಳಕ್ಕ ರೋಗ ಬರಬಾರದಂತ ಸಕ್ಕರಿ ನೀರಾಗ ಕಲಸಿದ್ದೆ."

"ಹೌದಾ? ಒಳ್ಳೇದಕ್ಕ ಕಲಸಿದಾವ ತಟ್ಟಿ ಯಾಕ ತೊಳದಿ? ಆ ಬಾಟ್ಲಿ, ಚಪ್ಪಲಿ ಯಾಕ ಇಟ್ಟಿ?"

ಗುರುಸಿದ್ದ ಬಾಗಿಲ ಕಡೆ ನೋಡಿದ.

"ಪವನಚಕ್ಕಿ ಕಂಪನಿ ಮಂದಿ ನಂಗ ಎಲ್ಲಾ ಹೇಳ್ಯಾರ. ಹೊಸ ಚಕ್ಕಿ ನಿಲ್ಲಸಾಕ ಎರಡೂ ಹೊಲ ಕೊಡಸ್ತೇನಂತ ಮಾತು ಕೊಟ್ಟಿದ್ದಿ. ನಿನ್ನ ವೈನಿ ಮಲಕವ್ವ ಒಲ್ಲೆಂದ್ಲು, ರಸೂಲನೂ ಒಲ್ಲೆಂದ. ಹುಳಾ ಸತ್ರ ಕಾಯಿ ಕಚ್ಚಂಗಿಲ್ಲ, ವೈನಿ ಸೋತು ಹೊಲ ಬಿಡ್ತಾಳ. ರಸೂಲ ಜೇಲಿಗಿ ಹೋದ್ರ ಅವನ ಹೇಂತಿನೂ ಬಿಡ್ತಾಳ. ಹೌದಿಲ್ಲೋ?"

ಮಲಕವ್ವ ಎದ್ದು ಹೋಗಿ, ಗುರುಸಿದ್ದನ ಉಡದಾರದಿಂದ ಕೀಲಿಕೈಯನ್ನು ಕಿತ್ತುಕೊಂಡಳು.

* * *

ರಸೂಲ ಬಡವಾಗಿ ಮನೆಗೆ ಬಂದ. ಮರುದಿನ ಮಲಕವ್ವ ಅವನ ಅಂಗಳದಲ್ಲಿ ಬಂದು ನಿಂತಳು. ಕೈಯಲ್ಲಿ ಖಾಲಿ ಪೆಟ್ಟಿಗೆ. ಹೊಸ ಹುಳದ ಹೊಟ್ಟೆಗೆ ಬೇಕಾದ ಸೂಕ್ಷ್ಮಜೀವಿ ಆರೋಗ್ಯವಾಗಿರುವ ಹಳೇ ಹುಳದಿಂದಲೇ ಬರಬೇಕೆಂದು ನಾಹಿದ ಹೇಳಿದ್ದಳು. ಅಂಥ ಹುಳ ಊರಲ್ಲಿ ಇದ್ದದ್ದು ಇಲ್ಲಿ ಮಾತ್ರ.

"ತಪ್ಪಾತ ಕಾಸೀಂಬಿ. ಕೇಳಾಕ ನಂಗ ಮುಖಾ ಇಲ್ಲ."

"ನನ್ನ ಮನ್ಯಾಗ ಹುಳಾ ಬದುಕಿದ್ದಕ್ಕ ನನ್ನ ಗಂಡ ಕೊಲೆಗಾರ ಆದ," ಎಂದಳು ಕಾಸೀಂಬಿ. ಕಣ್ಣು ತುಂಬಿ ಬಂದವು. "ನಿನ್ನ ಮನಿ ಮೈದುನನ ಮ್ಯಾಲ ನಿಂಗ ಒಂದು ಗಳಗಿ ಸಂಶೇ ಬರಲಿಲ್ಲ, ಅಲ್ಲಕ್ಕಾ?"

ಮಲಕವ್ವ ತಿರುಗಿ ಹೊರಟಳು.

"ನಿಲ್ಲು."

ಕಾಸೀಂಬಿ ತನ್ನ ಪೆಟ್ಟಿಗೆ ತೆರೆದು, ಹುಳ ಕೂತ ಜೇನಿನ ಎರಿಗಳಲ್ಲಿ ಅರ್ಧದಷ್ಟನ್ನು ಮೆಲ್ಲಗೆ ಎತ್ತಿ ಗೆಳತಿಯ ಪೆಟ್ಟಿಗೆಗೆ ಇಳಿಸಿದಳು.

"ಒಯ್ಯಿ. ಕೀಲಿ ಮಾತ್ರ ಹಾಕಬ್ಯಾಡ."