ಪ್ಲಾಸ್ಟರ್ ಇಲ್ಲದ ಕಣ್ಣು

ಹನೂರಿನ ಆ ಕಣ್ಣಿನ ಶಿಬಿರದಲ್ಲಿ, ಡ್ರಾಪ್ಸ್ ಹಾಕಬೇಕಾದ ಕಣ್ಣು ಯಾವುದೆಂದು ತಪ್ಪಾಗದಿರಲಿ ಎಂದು ಹುಬ್ಬಿನ ಮೇಲೆ ಪ್ಲಾಸ್ಟರ್ ಅಂಟಿಸುತ್ತಿದ್ದರು. ನನಗೆ ಅಂಟಿಸಿದ್ದು ಬಲಗಡೆ. ಪಾಪೆ ಹಿಗ್ಗುವ ಡ್ರಾಪ್ಸ್ ಹಾಕಿದ ನರ್ಸ್, ಕಣ್ಣು ಮುಚ್ಚಿ ಕೂರಲು ಹೇಳಿದರು.

ಸ್ವಲ್ಪ ಹೊತ್ತಿಗೆ, ಫ್ರಿಜ್ಜಿನಿಂದ ತೆಗೆದಂಥ ತಣ್ಣನೆ ಬೆರಳುಗಳು ನನ್ನ ಗದ್ದ ಎತ್ತಿ, ಎಡಗಣ್ಣಿನ ರೆಪ್ಪೆ ಎಳೆದು ಹನಿ ಬಿಟ್ಟವು. ಬಲಗಣ್ಣು ಎಂದರೂ ಮತ್ತೆ ಅದೇ; ಮೂರನೇ ಸಲಕ್ಕೆ ರೇಗಿಹೋಯಿತು.

“ಎಷ್ಟು ಸಲ ಹೇಳೋದು ಸಿಸ್ಟರ್? ಬಲಗಣ್ಣು!”

ಪಕ್ಕದಲ್ಲಿ ಕೂತಿದ್ದ ಹೂಗ್ಯಂ ಊರಿನ ದೊಡ್ಡತಾಯಮ್ಮ, “ಯಾರ್ಗಪ್ಪ ಏಳ್ತಿದ್ದೀಯೆ? ನರ್ಸಮ್ಮ ಆಗ್ಲೇ ಎದ್ದೋದ್ರು. ನೀನೇ ತಲೆ ಎತ್ತೆತ್ತಿ ಕೊಡ್ತಾ ಇದ್ದೀಯೆ” ಎಂದರು.

ಬಲಗಣ್ಣು ಸಂಜೆಗೇ ಸರಿಹೋಯಿತು. ಎಡಗಣ್ಣಿಗಾಗಿ ನಾಲ್ಕು ಸಲ, ಶಿಬಿರ ನಡೆಸಿದ ಕೊಳ್ಳೇಗಾಲದ ಆಸ್ಪತ್ರೆಗೆ ಅಲೆದೆ. “ಆ ಕಣ್ಣಿಗೆ ಹಾಕೇ ಇಲ್ವಲ್ಲ” ಎಂಬ ಒಂದೇ ಉತ್ತರ.

ಇವತ್ತಿಗೆ ಇಪ್ಪತ್ತಮೂರು ದಿನ. ಎಡಗಣ್ಣಿನ ಪಾಪೆ ಕುಗ್ಗಿಲ್ಲ. ದಿನಾ ಬೆಳಿಗ್ಗೆ ಹನ್ನೊಂದಕ್ಕೆ, ಶಿಬಿರದ ಅದೇ ಹೊತ್ತಿಗೆ, ಗದ್ದ ತಣ್ಣಗಾಗುತ್ತದೆ, ತಲೆ ತಾನಾಗಿ ಮೇಲೇಳುತ್ತದೆ.